ಪೆನ್ಸಿಲ್ಲಿನಲ್ಲಿ ಬರೆದ ಉತ್ತರ

ಕೊನೆಯ ಪೆಟ್ಟಿಗೆಗೆ ಟೇಪು ಸುತ್ತಿ ಸೊಸೆ ಹೊರಕೋಣೆಗೆ ಬಂದಾಗ ಮಾವ ಕಿಟಕಿಯ ಪಕ್ಕ ಕೂತು ಪದಬಂಧದ ಮೇಲೆ ಬಾಗಿದ್ದರು. ಎದುರಿನ ಕುರ್ಚಿ ಖಾಲಿಯಿತ್ತು. ಹಿಂದಿನ ವಾರ ನ್ಯಾಯಾಲಯದಲ್ಲಿ ಅವಳೂ ಅವಳ ಗಂಡನೂ ಸಹಿ ಹಾಕಿ ಬೇರೆಯಾಗಿದ್ದರು. ಇವತ್ತು ಅವಳು ಸಾಮಾನು ಒಯ್ಯಲು ಬರುತ್ತಾಳೆಂದು ಅವನು ಬೆಳಿಗ್ಗೆಯೇ ಸ್ಕೂಟರ್ ಹತ್ತಿ ಎಲ್ಲಿಗೋ ಹೋಗಿದ್ದ. ಅತ್ತೆ ಅಡುಗೆಮನೆಯಲ್ಲಿದ್ದರು, ಪಾತ್ರೆಗಳ ಸದ್ದು ಬೇಕಾದ್ದಕ್ಕಿಂತ ಜಾಸ್ತಿಯೇ ಇತ್ತು.

"ಗಾಡಿಯವನು ಪೆಟ್ಟಿಗೆ ಏರಿಸೋವರೆಗೆ ಕೂತ್ಕೋಮ್ಮ," ಅಂದರು ಮಾವ. "ಒಂದೇ ಒಂದು ಸುಳಿವು ಉಳಿದಿದೆ."

ಅವಳು ಕುರ್ಚಿಯ ತುದಿಯಲ್ಲಿ ಕೂತಳು. ಯಾಕೆ ಬಿಟ್ಟು ಹೋಗುತ್ತಿದ್ದೀಯ ಎಂದು ಅವಳನ್ನು ಇನ್ನೂ ಕೇಳದೆ ಉಳಿದವರು ಇವರೊಬ್ಬರೇ. ಮಿಕ್ಕವರೆಲ್ಲ ಕೇಳಿ ಮುಗಿಸಿದ್ದರು. ಹೊಡೆದನೇ? ಕುಡಿದನೇ? ಇನ್ನೊಬ್ಬಳೇ? ಅವಳು ಇಲ್ಲವೆಂದು ತಲೆಯಾಡಿಸಿದಷ್ಟೂ ಕೇಳಿದವರ ಮುಖ ಗಂಟಿಕ್ಕುತ್ತಿತ್ತು, ಒಂದು ಗಟ್ಟಿ ಕಾರಣ ಕೊಡದೆ ಅವರಿಗೇ ಮೋಸ ಮಾಡಿದಳೆಂಬಂತೆ. ಗಂಡ ಕೆಟ್ಟವನಲ್ಲ, ಹೇಳುವುದಕ್ಕೆ ಕಷ್ಟವಾಗುತ್ತಿದ್ದುದೇ ಅದು. ಅವನ ಎದುರು ಊಟಕ್ಕೆ ಕೂತಾಗಲೆಲ್ಲ ತಾನು ಆ ಕೋಣೆಯಲ್ಲಿ ಇಲ್ಲವೇ ಇಲ್ಲ ಅನ್ನಿಸತೊಡಗಿತ್ತು. ಧೈರ್ಯ ಮಾಡಿ ಅದನ್ನು ಒಮ್ಮೆ ಹೇಳಿದಾಗ ಅತ್ತೆ, ಅಷ್ಟೇನಾ ಅಂದುಬಿಟ್ಟಿದ್ದರು. ಆ 'ಅಷ್ಟೇನಾ' ಮಾವನ ಬಾಯಿಂದಲೂ ಬಂದರೆ ಈ ಮನೆಯಲ್ಲಿ ತನ್ನದೆಂದು ಇದ್ದ ಕೊನೆಯದೂ ಹೋದಂತೆ. ಅದಕ್ಕೇ ಬೆಳಿಗ್ಗೆಯಿಂದ ಅವರ ಕಣ್ಣು ತಪ್ಪಿಸಿ ಓಡಾಡಿದ್ದಳು.

ಪದಬಂಧ ಬಿಡಿಸುವುದರಲ್ಲಿ ಮಾವನಿಗೆ ಒಂದು ಕಟ್ಟುನಿಟ್ಟು. ಉತ್ತರ ಹೊಳೆದರೆ ಸಾಲದು, ಸುಳಿವು ಅದನ್ನು ಎಲ್ಲಿ ಬಚ್ಚಿಟ್ಟಿದೆ ಎಂದು ಬಿಡಿಸಿ ಹೇಳಬೇಕು. ಅಲ್ಲಿಯವರೆಗೆ ಅದು ಪೆನ್ಸಿಲ್ಲಿನಲ್ಲೇ ಇರುತ್ತಿತ್ತು. ಬಿಡಿಸಿದ ಮೇಲಷ್ಟೇ ಪೆನ್ನು. ಮದುವೆಯಾಗಿ ಬಂದ ಹೊಸದರಲ್ಲಿ ಒಂದು ದಿನ ಅವರು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದರು: 'ಆತನ ಬೆನ್ನಿಗೇ ಹಾರ, ಎಂಥ ಆತುರ'. ನಾಲ್ಕಕ್ಷರ. ಕಾಫಿ ಲೋಟ ಇಡಲು ಬಂದವಳು ತಡೆಯಲಾರದೆ 'ಅವಸರ' ಅಂದಿದ್ದಳು. ಮಾವ ಪೆನ್ಸಿಲ್ಲಿನಲ್ಲಿ ಬರೆದುಕೊಂಡು, ಯಾಕೆ ಅಂದರು. ತಪ್ಪು ಮಾಡಿದೆನೇನೋ ಎಂದು ಅವಳು ಬಿಳಿಚಿಕೊಂಡಾಗ ಅವರಿಗೆ ನಗು ಬಂತು.

"ಆತ ಅಂದ್ರೆ ಅವ. ಹಾರ ಅಂದ್ರೆ ಸರ. ಅವನ ಬೆನ್ನಿಗೆ ಸರ ಅಂಟಿಸಿದ್ರೆ ಅವಸರ. ಸರಿ ಉತ್ತರ ಯಾರು ಬೇಕಾದ್ರೂ ಹೇಳ್ತಾರಮ್ಮ, ಅದೃಷ್ಟ ಇದ್ರೆ ಸಾಕು. ಯಾಕೆ ಅಂತ ಹೇಳೋವರೆಗೆ ಅದು ನಿನ್ನದಲ್ಲ."

ಅವತ್ತಿನಿಂದ ಎದುರಿನ ಕುರ್ಚಿ ಅವಳದಾಯಿತು. ಅವರು 'ಯಾಕೆ' ಅಂದಾಗ ಅವಳಿಗೆ ಹೆದರಿಕೆಯಾಗುತ್ತಿರಲಿಲ್ಲ. ಕೇಳಿದ ಮೇಲೆ ಅವಳ ಮಾತು ಮುಗಿಯುವ ತನಕ ಅವರು ಕಾಯುತ್ತಿದ್ದರು.

"ರೀ, ಕೇಳಿದ್ರಾ?" ಅಡುಗೆಮನೆಯಿಂದ ಅತ್ತೆಯ ದನಿ ಬಂತು. ಇವತ್ತಾದರೂ ಬಾಯಿಬಿಟ್ಟು ಕೇಳಿ ಎಂದು ಅವರು ಗಂಡನಿಗೆ ತಾಕೀತು ಮಾಡಿರಬೇಕು.

"ಕೇಳ್ತಾ ಇದೀನಿ, ಇರೇ," ಅಂದ ಮಾವ ಕಾಗದವನ್ನು ಅವಳ ಕಡೆಗೆ ತಿರುಗಿಸಿದರು. "ಇದೊಂದು ನೋಡು. 'ಎಲ್ಲೆ ಯಾರ ಕೈಯಲ್ಲಿ ಕಟ್ಟಿದೆ?' ನಾಲ್ಕಕ್ಷರ. ಗಡಿಯಾರ ಅಂತ ಬರೆದಿದೀನಿ. ಅಡ್ಡಕ್ಕೂ ಕೂರುತ್ತೆ, ಉದ್ದಕ್ಕೂ ಕೂರುತ್ತೆ. ಯಾಕೆ ಅನ್ನೋದೇ ಹೊಳೀತಿಲ್ಲ."

ಅವಳಿಗೆ ಒಂದೇ ನೋಟಕ್ಕೆ ಕಂಡಿತು. ಎಲ್ಲೆಯೆಂದರೆ ಗಡಿ, ಅದರ ಪಕ್ಕದಲ್ಲೇ 'ಯಾರ'. ಎರಡೂ ಸೇರಿ ಕೈಗೆ ಕಟ್ಟುವ ಗಡಿಯಾರ. ನೌಕರಿಯುದ್ದಕ್ಕೂ ಸರಪಳಿ ಹಿಡಿದು ಜಮೀನುಗಳ ಎಲ್ಲೆ ಅಳೆದ ಸರ್ವೆಯರ್ ಇವರು. ಬೇರೆ ದಿನವಾಗಿದ್ದರೆ, ನಿಮಗೆ ಗಡಿಯೇ ಕಾಣಲಿಲ್ಲವೆಂದು ಇಲಾಖೆಗೆ ಗೊತ್ತಾದರೆ ಪಿಂಚಣಿ ನಿಲ್ಲಿಸುತ್ತಾರೆ ಮಾವ ಎಂದು ರೇಗಿಸುತ್ತಿದ್ದಳು. ಇವತ್ತು ಅವರ ಮುಖ ನೋಡಿದಳು. ಗಲ್ಲದ ಒಂದು ಬದಿಯಲ್ಲಿ ಕ್ಷೌರ ಮಾಡಿಕೊಳ್ಳುವುದನ್ನು ಮರೆತಿದ್ದರು.

"ಹೇಳ್ಲಾ ಮಾವ?"

ಕೇಳಿದ್ದು ಸುಳಿವಿನ ಬಗ್ಗೆ. ಆದರೆ ಬಾಯಿಂದ ಹೊರಬಿದ್ದ ಮೇಲೆ ಮಾತು ಅಷ್ಟಕ್ಕೇ ನಿಲ್ಲಲಿಲ್ಲ ಎಂದು ಅವಳಿಗೂ ತಿಳಿಯಿತು. ಈಗ ಅವರು ಹೂಂ ಅಂದರೆ ಎಲ್ಲವನ್ನೂ ಹೇಳಬೇಕಾಗುತ್ತದೆ, ಅವರ ಮಗನ ಬಗ್ಗೆ, ಊಟದ ಮೇಜಿನ ಬಗ್ಗೆ. ಅಡುಗೆಮನೆಯಲ್ಲಿ ಸದ್ದು ನಿಂತಿತ್ತು. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಕಾದಳು.

ಮಾವ ಕಾಗದವನ್ನು ಮತ್ತೆ ತಮ್ಮ ಕಡೆಗೆ ತಿರುಗಿಸಿಕೊಂಡರು.

"ನಿನಗೆ ಗೊತ್ತಲ್ಲ?"

"ಗೊತ್ತು."

"ಹಾಗಾದ್ರೆ ಸಾಕು."

ಅಂಗಿಯ ಜೇಬಿನಿಂದ ಪೆನ್ನು ತೆಗೆದು ಮುಚ್ಚಳ ಬಿಚ್ಚಿದರು. ಪೆನ್ಸಿಲ್ಲಿನ ಅಕ್ಷರಗಳ ಮೇಲೆ, ನಕ್ಷೆಗೆ ಗೆರೆ ಎಳೆಯುವವರಂತೆ ಉಸಿರು ಬಿಗಿಹಿಡಿದು, ಒಂದೊಂದನ್ನೇ ತಿದ್ದಿದರು. ಯಾಕೆಂದು ಬಿಡಿಸದ ಉತ್ತರದ ಮೇಲೆ ಅವರು ಪೆನ್ನು ಆಡಿಸಿದ್ದನ್ನು ಅವಳು ಈವರೆಗೆ ಕಂಡಿರಲಿಲ್ಲ.

ಗೇಟಿನಲ್ಲಿ ಗಾಡಿಯವನು ಹಾರ್ನ್ ಒತ್ತಿದ. ಅವಳು ಎದ್ದು, ಬರ್ತೀನಿ ಮಾವ ಅಂದಳು. ಭಾನುವಾರದ ಪದಬಂಧ ಸ್ವಲ್ಪ ಗಟ್ಟಿ ಇರುತ್ತೆ, ತಿಣುಕಾಡಿದರೆ ಫೋನ್ ಮಾಡುತ್ತೇನೆ ಎಂದರು ಅವರು, ತಲೆಯೆತ್ತದೆ.

ಅವಳು ಹೊಸಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದಾಗ ಅತ್ತೆ ಕೈ ಒರೆಸಿಕೊಳ್ಳುತ್ತ ಹೊರಬಂದದ್ದು ಕೇಳಿಸಿತು.

"ಏನಂತೆ ರೀ? ಯಾಕಂತೆ?"

ಮಾವ ಹಸಿ ಶಾಯಿಯ ಮೇಲೆ ಮೆಲ್ಲಗೆ ಊದಿದರು.

"ಉತ್ತರ ಸರಿ ಇದೆ ಕಣೇ."