ಸುಮ್ಮನೆ ನಿಂತ ಕ್ರೇನು

ಫೋನಿನೊಳಗೆ ಕೂರುವ ಮೆಮೊರಿ ಚಿಪ್ಪು ಕಡಲೆಪುರಿ ಬೆಲೆಗೆ ಇಳಿದಿತ್ತು. ಮಾಡುವವರು ಲೋಕದ ತುಂಬ ಇದ್ದರು, ಕೊಳ್ಳುವವರು ಮಾತ್ರ ಹುಡುಕಿದರೂ ಸಿಗುತ್ತಿರಲಿಲ್ಲ. ಹೀಗೇ ಆದರೆ ತಮ್ಮ ಚಿಪ್ಪಿನ ಕಾರ್ಖಾನೆಗೆ ಬೀಗವೇ ಗತಿ ಎಂದು ಶಾಂತವೀರಪ್ಪನವರಿಗೆ ಗೊತ್ತಿತ್ತು. ರಸ್ತೆಯಾಚೆ ಅದೇ ಚಿಪ್ಪು ಮಾಡುವ ಎದುರಾಳಿ ಮೊದಲು ಅಂಗಡಿ ಮುಚ್ಚಿದರೆ ತಾವು ಬಚಾವು.

ಅವರು ಕ್ರೇನ್ ಬಾಡಿಗೆಗೆ ಕೊಡುವ ಅಲ್ಫೋನ್ಸನನ್ನು ಕರೆಸಿದರು.

“ಹಿಂದಿನ ಖಾಲಿ ಜಾಗದ ಸುತ್ತ ತಗಡು ಹೊಡೆಸಿ, ಒಳಗೊಂದು ದೊಡ್ಡ ಕ್ರೇನ್ ನಿಲ್ಲಿಸಯ್ಯ. ಕೆಲಸ ಏನೂ ಬೇಡ. ಇವರು ಹೊಸ ಫ್ಯಾಕ್ಟರಿ ಕಟ್ತಿದಾರೆ ಅಂತ ರಸ್ತೆಯಾಚೆಯವನು ಹೆದರಿ ಓಡಬೇಕು, ಅಷ್ಟೇ.”

“ನನಗೇನು ಸಾರ್, ನಿಂತರೂ ಬಾಡಿಗೆ, ಎತ್ತಿದರೂ ಬಾಡಿಗೆ,” ಎಂದ ಅಲ್ಫೋನ್ಸ್.

ಕ್ರೇನ್ ನಿಂತಿತು. ವಾರ ಕಳೆಯುವುದರೊಳಗೆ ರಸ್ತೆಯಾಚೆಯೂ ತಗಡಿನ ಬೇಲಿ ಎದ್ದಿತು, ಅದರ ಮೇಲೆ ಎರಡು ಕ್ರೇನ್ ಕತ್ತು ಚಾಚಿದವು. ಎದುರಾಳಿ ನಿಜಕ್ಕೂ ಕಟ್ಟುತ್ತಿದ್ದಾನೆ ಎಂದೇ ಶಾಂತವೀರಪ್ಪನವರು ನಂಬಿದರು. ಬಿಟ್ಟರೆ ಕೆಟ್ಟೆ ಎಂದುಕೊಂಡು, ಇದ್ದಬದ್ದ ಆಸ್ತಿಯನ್ನೆಲ್ಲ ಅಡವಿಟ್ಟು, ನಿಜವಾಗಿಯೇ ಫ್ಯಾಕ್ಟರಿ ಕಟ್ಟಿಸಲು ಹೊರಟರು.

ಮೊದಲ ಕಂಬ ಮೇಲೇರಿದಾಗ ಅವರಿಗೆ ಧೈರ್ಯ ಬಂತು. ಮೀಸೆ ತಿರುವಿ ಅಲ್ಫೋನ್ಸನನ್ನು ಕೇಳಿದರು.

“ಅಲ್ಲಿರೋ ಕ್ರೇನೂ ನಿನ್ನವೇ ಅಲ್ವೇನಯ್ಯಾ? ಅವನದು ಎಲ್ಲೀತನಕ ಬಂತು?”

“ಒಂದು ಇಟ್ಟಿಗೆನೂ ಎದ್ದಿರಲಿಲ್ಲ ಸಾರ್, ಅವರೂ ಸುಮ್ಮನೆ ನಿಲ್ಲಿಸು ಅಂದಿದ್ದರು. ಈಗ ನಿಮ್ಮ ಕಂಬ ನೋಡಿ ಫೋನ್ ಮಾಡಿದ್ದಾರೆ, ನಾಳೆಯಿಂದ ಅಲ್ಲೂ ಕೆಲಸ ಶುರು.”