ಹೊರಗೆ ಹೋಗುವವರ ತಪಾಸಣೆ

ಮೌಸನ್ನು ಯಾರೂ ಮುಟ್ಟಿರಲಿಲ್ಲ. ಆದರೂ ಪರದೆಯ ಮೇಲಿನ ಬಾಣ ತಾನೇ ತಾನಾಗಿ ಓಡಾಡುತ್ತಿತ್ತು. ಸೊಸೆ ಕೈಕಟ್ಟಿ ಕೂತು ನೋಡುತ್ತಿದ್ದಳು. ಅತ್ತೆ ಗೋಡೆಯ ಪಕ್ಕ ನಿಂತು ಸ್ವಿಚ್ಚಿನ ಮೇಲೆ ಹೆಬ್ಬೆರಳು ಇಟ್ಟುಕೊಂಡಿದ್ದರು.

“ಹೆಜ್ಜೆ ಇಡೋದು ನೋಡು, ಹಾಲಿನ ಪಾತ್ರೆ ಹತ್ರ ಬೆಕ್ಕು ಬಂದ ಹಾಗೆ.”

“ಸಹಾಯ ಮಾಡೋಕೆ ಬಂದಿದಾರೆ ಅತ್ತೆ.”

“ಮುಖ ಕಂಡಿದೀಯಾ? ಹೆಸರಾದ್ರೂ ಗೊತ್ತಾ?”

“ಗುಂಪಿನಲ್ಲಿ ಎಲ್ರೂ ‘ಇರುವೆ’ ಅಂತಾರೆ.”

“ಇರುವೆಯಂತೆ! ಇರುವೆ ಬರೋದೇ ಸಕ್ಕರೆ ಎಲ್ಲಿದೆ ಅಂತ ಹುಡುಕ್ಕೊಂಡು.”

ಆ ಕಂಪ್ಯೂಟರನ್ನು ಸೊಸೆ ಬಿಡಿಭಾಗಗಳನ್ನು ತಂದು ಊಟದ ಮೇಜಿನ ಮೇಲೆ ತಾನೇ ಜೋಡಿಸಿದ್ದಳು. ಅದರಲ್ಲಿ ಹಾಕಿದ ಆಪರೇಟಿಂಗ್ ಸಿಸ್ಟಮ್ ಮಾತ್ರ ಒಂದು ಕಂಪನಿ ತನ್ನ ಸ್ವಂತ ಯಂತ್ರಗಳಿಗೆಂದೇ ಮಾಡಿಕೊಂಡದ್ದು. ಅವಳು ಕೆಲಸ ಕಲಿತದ್ದು ಅದರಲ್ಲೇ. ಈಗ ಅನಿಮೇಷನ್ ಓಡಿಸಬೇಕಾದ ಎರಡು ಗ್ರಾಫಿಕ್ಸ್ ಕಾರ್ಡುಗಳು ಡಬ್ಬದೊಳಗೆ ಗಟ್ಟಿಯಾಗಿ ಕೂತಿವೆ, ಅವುಗಳ ಫ್ಯಾನು ತಿರುಗುತ್ತದೆ, ಆದರೆ ಸಿಸ್ಟಮ್ಮಿನ ಕಣ್ಣಿಗೆ ಎರಡೂ ಬೀಳುವುದಿಲ್ಲ. ಕಂಪನಿಯನ್ನು ಕೇಳಿದರೆ ‘ಇದು ನಮ್ಮ ಮಗುವಲ್ಲ’ ಎನ್ನುತ್ತದೆ. ಕೃತಕ ಕಾಲು ಹಾಕಿಸಿಕೊಂಡವರು ಹೇಗೆ ನಡೆಯಬೇಕೆಂದು ತೋರಿಸುವ ಒಂದು ಅನಿಮೇಷನ್ ಚಿತ್ರ ಸಂಜೆಯೊಳಗೆ ಆಸ್ಪತ್ರೆಗೆ ತಲುಪಬೇಕಿತ್ತು. ಅದು ಅವಳಿಗೆ ಸಿಕ್ಕ ಮೊದಲ ಕೆಲಸ. ಈ ಯಂತ್ರ ಬಿಟ್ಟರೆ ಬೇರೆಲ್ಲೂ ಅದರ ನಕಲಿರಲಿಲ್ಲ. ಕಾರ್ಡುಗಳಿಲ್ಲದೆ ಚಿತ್ರದ ಮನುಷ್ಯ ಎತ್ತಿದ ಕಾಲನ್ನು ಎತ್ತಿದ ಹಾಗೇ ಹಿಡಿದು ಬೆಳಗಿನಿಂದ ನಿಂತಿದ್ದ. ಇಂಥದೇ ಯಂತ್ರ ಕಟ್ಟಿಕೊಂಡವರ ಆನ್‌ಲೈನ್ ಗುಂಪಿನಲ್ಲಿ ಅವಳು ಗೋಳು ತೋಡಿಕೊಂಡಾಗ, ಎಲ್ಲೋ ಇದ್ದ ಈ ಇರುವೆ ‘ಇಲ್ಲಿಂದಲೇ ನಿಮ್ಮ ಯಂತ್ರದ ಒಳಗೆ ಬಂದು ನೋಡಲೇ?’ ಎಂದಿದ್ದ. ಅವನಿಗೆಂದೇ ಒಂದು ಖಾತೆ ತೆರೆದು ಪಾಸ್‌ವರ್ಡ್ ಕೊಟ್ಟಿದ್ದಳು.

“ಒಳಗೆ ಬರೋವಾಗ ಎಲ್ರೂ ಸಂಭಾವಿತರೇ ಕಣಮ್ಮ. ಹೊರಗೆ ಹೋಗೋವಾಗ ನೋಡ್ಬೇಕು,” ಎಂದರು ಅತ್ತೆ. ಬಟ್ಟೆ ಕಾರ್ಖಾನೆಯ ಗೇಟಿನಲ್ಲಿ ಮನೆಗೆ ಹೊರಟ ಕೆಲಸಗಾರರ ಚೀಲ ತಡಕಿ ತಡಕಿಯೇ ನಿವೃತ್ತರಾದವರು ಅವರು.

ಬಾಣ ಮನೆಯ ಫೋಟೊಗಳಿದ್ದ ಕಿಟಕಿಯ ಬಳಿ ಹೋಯಿತು. ಅತ್ತೆಯ ಹೆಬ್ಬೆರಳು ಬಿಗಿಯಾಯಿತು. ಬಾಣ ಫೋಟೊಗಳನ್ನು ತೆರೆಯಲಿಲ್ಲ. ದಾರಿಗೆ ಅಡ್ಡವಾಗಿ ಒಣಹಾಕಿದ ಬಟ್ಟೆಯನ್ನು ಕಣ್ಣೆತ್ತದೆ ಸರಿಸಿ ಹೋಗುವವರಂತೆ, ಕಿಟಕಿಯನ್ನು ಮೂಲೆಗೆ ಸರಿಸಿ ಮುಂದೆ ಹೋಯಿತು. “ಗುರುತು ಹಾಕ್ಕೊಂಡ ಬಿಡು,” ಎಂದರು ಅತ್ತೆ. ಅಷ್ಟರಲ್ಲಿ ಪರದೆ ಕಪ್ಪಾಯಿತು.

“ಹೋದ! ಗಂಟು ಕಟ್ಕೊಂಡು ಹೋದ!”

“ರೀಸ್ಟಾರ್ಟ್ ಅತ್ತೆ. ಬರ್ತಾರೆ.”

ಬಂದ. ಪರದೆ ಈಗ ತೊಳೆದ ಗಾಜಿನಷ್ಟು ಸ್ವಚ್ಛವಾಗಿತ್ತು. ಎರಡು ಕಾರ್ಡುಗಳೂ ಸಿಸ್ಟಮ್ಮಿಗೆ ಕಾಣಿಸಿದ್ದವು. ಸೊಸೆ ತನ್ನ ಚಿತ್ರವನ್ನು ಓಡಿಸಿದಳು. ಕಾಲೆತ್ತಿದ್ದ ಮನುಷ್ಯ ಕಾಲನ್ನು ನೆಲಕ್ಕಿಟ್ಟ, ಇನ್ನೊಂದನ್ನು ಎತ್ತಿದ, ತನ್ನದೇ ಮನೆಯಲ್ಲಿ ಓಡಾಡುವವನಂತೆ ಸಲೀಸಾಗಿ ನಡೆದ. ಕೆಳಗೆ ಒಂದು ಸಾಲು ಮೂಡಿತು: ‘ಆಯಿತು. ಹೊರಡುತ್ತೇನೆ.’

“ಈಗ ನೋಡು,” ಎಂದು ಅತ್ತೆ ಕನ್ನಡಕ ಮೇಲೇರಿಸಿಕೊಂಡರು. ಬಾಣ ನೇರವಾಗಿ ಹೊರಡಲಿಲ್ಲ. ಏನೋ ಒಂದು ಪಟ್ಟಿ ತೆರೆದು ಒಂದು ಸಾಲಿನ ಮೇಲೆ ನಿಂತಿತು. ನಡುವೆ ಚೌಕವೊಂದು ಎದ್ದಿತು. ಅದರಲ್ಲಿ ಅಷ್ಟು ದೂರದಿಂದ ಅತ್ತೆಗೆ ಓದಲು ಸಿಕ್ಕಿದ್ದು ಒಂದೇ ಮಾತು: ಡಿಲೀಟ್.

“ಅಳಿಸ್ತಿದಾನೆ ಕಣೇ!”

ಟಕ್ಕೆಂದಿತು ಸ್ವಿಚ್ಚು. ಪರದೆ ಸತ್ತಿತು. ಫ್ಯಾನುಗಳು ನಿಧಾನವಾಗಿ ನಿಂತವು.

“ಅತ್ತೆ! ಹೀಗೆ ದಿಢೀರ್ ಅಂತ ಆರಿಸಿದ್ರೆ ಇರೋ ಚಿತ್ರಾನೂ ಹಾಳಾಗತ್ತೆ!”

“ಕಂಡೋರ ಪಾಲಾಗೋದಕ್ಕಿಂತ ಹಾಳಾಗ್ಲಿ,” ಎಂದರು ಅತ್ತೆ. ಆದರೆ ದನಿಯಲ್ಲಿ ಮೊದಲಿನ ಜೋರಿರಲಿಲ್ಲ. ಯಂತ್ರ ಮತ್ತೆ ಎಚ್ಚರಗೊಳ್ಳುವತನಕ ಅವರು ಸೊಸೆಯ ತಣ್ಣಗಾದ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡೇ ಇದ್ದರು. ಪರದೆ ಬೆಳಗಿತು. ಚಿತ್ರ ಇತ್ತು. ಮನುಷ್ಯ ನಡೆದ. ಸೊಸೆ ಅದನ್ನು ಆಸ್ಪತ್ರೆಗೆ ಕಳಿಸಿದ ಮೇಲೆಯೇ ಕುರ್ಚಿಗೆ ಒರಗಿದಳು.

“ಸಮಯಕ್ಕೆ ಸರಿಯಾಗಿ ಹಿಡಿದೆ ನೋಡು,” ಎಂದರು ಅತ್ತೆ, ದನಿ ಮರಳಿ ಬಂದಿತ್ತು. “ನನ್ನ ಗೇಟಿಂದ ಒಂದು ಗುಂಡಿ ಆಚೆ ಹೋಗಿಲ್ಲ.”

ಫೋನು ಸದ್ದು ಮಾಡಿತು. ಇರುವೆಯ ಸಂದೇಶ. ಸೊಸೆ ಗಟ್ಟಿಯಾಗಿ ಓದಿದಳು: “ಕರೆಂಟ್ ಹೋಯಿತು ಅಂತ ಕಾಣುತ್ತೆ. ಹೊರಡೋ ಮುಂಚೆ ನನ್ನ ಖಾತೆ ನಾನೇ ಅಳಿಸುತ್ತಿದ್ದೆ, ಅರ್ಧಕ್ಕೆ ನಿಂತಿತು. ದಯವಿಟ್ಟು ನೀವೇ ಅಳಿಸಿಬಿಡಿ. ಇನ್ನೊಬ್ಬರ ಮನೆ ಬೀಗದಕೈ ಜೇಬಲ್ಲಿಟ್ಟುಕೊಂಡು ಓಡಾಡೋದು ಕಷ್ಟ. ನಾಳೆ ಅಲ್ಲಿ ಏನಾದರೂ ಕಾಣದೆ ಹೋದರೆ ನೀವು ಮೊದಲು ನನ್ನ ಮೇಲೇ ಹೇಳ್ತೀರಿ.”

ಅತ್ತೆಯ ಮುಖ ಕೆಂಪಗಾಯಿತು.

“ಅಂದ್ರೆ ನಮ್ಮನ್ನ ಅಂಥೋರು ಅಂದ್ಕೊಂಡಿದಾನಾ?” ಎಂದರು. “ಸುಮ್‌ಸುಮ್ನೆ ಜನರ ಮೇಲೆ ಹೀಗಾ ಅನುಮಾನ ಪಡೋದು!”