ಬಿದಿರು ತುಂಬಿದ ಗೋಡೆ

ಚಮಚದ ಹಿಡಿ ಗೋಡೆಯೊಳಕ್ಕೆ ಇನ್ನೊಂದು ಉಗುರಿನಷ್ಟು ಇಳಿಯಿತು. ಕಂಟ್ರಾಕ್ಟರ್ ಉದುರಿದ ಪುಡಿಯನ್ನು ಬಳಿದು ಮೂಲೆಯ ಕಕ್ಕಸು ಗುಂಡಿಗೆ ಸುರಿದ. ಜೊತೆಯ ಕೈದಿಗಳು ಮಧ್ಯಾಹ್ನ ಮಗ್ಗದ ಶೆಡ್ಡಿಗೆ ಹೋದಾಗ, ಸೊಂಟನೋವಿನ ನೆಪ ಹೇಳಿ ಇವನು ಉಳಿಯುತ್ತಿದ್ದ. ತೂತಿಗೆ ಹಾಸಿಗೆಯ ಸುರುಳಿ ಅಡ್ಡ.

ಗೋಡೆಯಾಚೆ ಬೀದಿ. ಗೋಡೆಯೊಳಗೆ ಕಬ್ಬಿಣವಿಲ್ಲ, ಬರೀ ಬಿದಿರು. ಈ ಜೈಲು ಕಟ್ಟಿಸಿದ ತನಗೆ ಅಷ್ಟೂ ಗೊತ್ತಿರುವುದಿಲ್ಲವೇ?

ಅವನು ಕಟ್ಟಿಸಿದ ನೀರಿನ ಟ್ಯಾಂಕು ಕುಸಿದು ಜನ ಸತ್ತಿದ್ದರು; ಅದಕ್ಕೇ ಈ ಶಿಕ್ಷೆ. ಹುಟ್ಟುಗುಣ ಸುಟ್ಟರೂ ಹೋಗದು. ಆ ಮಾತೆತ್ತಿದರೆ ಈಗಲೂ "ನಾಲ್ಕೇ ಜನ ತಾನೇ?" ಎನ್ನುತ್ತಿದ್ದ. ಥೂ! ಅವನ ವಕೀಲನೇ ಒಮ್ಮೆ ಮುಖ ತಿರುಗಿಸಿದ್ದ.

ಈ ಜೈಲೂ ಅವನ ಸ್ವಂತ ಮನೆಯೂ ಒಂದೇ ವರ್ಷ ಎದ್ದಿದ್ದವು. ಎರಡಕ್ಕೂ ಒಬ್ಬನೇ ಮೇಸ್ತ್ರಿ. ಮನೆಗೆಂದು ತುಕ್ಕು ಹಿಡಿಯದ, ಹಸಿರು ಲೇಪದ ದುಬಾರಿ ಸರಳು ತರಿಸಿದ್ದ. ಜೈಲಿಗೆ ಬಿದಿರು ಸಾಕೆಂದಾಗ ಮೇಸ್ತ್ರಿ ಹೊಲಸು ತುಳಿದವನಂತೆ ಮುಖ ಮಾಡಿದ್ದ.

"ಒಳಗಿರೋರೂ ಮನುಷ್ಯರೇ ಅಲ್ವಾ, ಯಜಮಾನ್ರೇ?"

"ಕಾಂಕ್ರೀಟು ಮುಚ್ಚಿದ್ಮೇಲೆ ಯಾರಿಗಯ್ಯಾ ಕಾಣುತ್ತೆ?"

"ಅದೂ ನಿಜ." ಮೇಸ್ತ್ರಿ ಪಕ್ಕಕ್ಕೆ ಉಗಿದಿದ್ದ. "ಕಾಣಲ್ಲ ಅಂದ್ಮೇಲೆ ಯಾವುದು ಎಲ್ಲಿದ್ರೇನು ಬಿಡಿ."

ಹೋದ ವಾರ ಹೆಂಡತಿ ನೋಡಲು ಬಂದಿದ್ದಳು.

"ನಮ್ಮನೆ ಮೇಲೆ ಇನ್ನೊಂದು ಮಹಡಿ ಎಬ್ಬಿಸ್ತಿದ್ದೀನಿ ರೀ. ಮಗಳು, ಮೊಮ್ಮಕ್ಕಳು ಬಂದು ನಮ್ಮ ಜೊತೇಲೇ ಇದ್ದಾರಲ್ಲ. ಆದ್ರೆ ಗೋಡೆಗಳು ಅಷ್ಟು ಭಾರ ತಡ್ಕೊಳ್ತಾವಾ ಅಂತ ಎಂಜಿನಿಯರ್ ಕೇಳಿದ್ರು."

"ಅವನ ತಲೆ! ಆನೆ ಹತ್ತಿ ಕುಣಿದ್ರೂ ಜಗ್ಗಲ್ಲ. ಒಳಗಿನ ಕಬ್ಬಿಣಕ್ಕೆ ನಾನು ಜವಾಬ್ದಾರಿ ಅಂತ ಹೇಳು."

"ಹಾಗಾದ್ರೆ ಬರೋ ಶುಕ್ರವಾರವೇ ತಾರಸಿ ಹಾಕಿಸಿಬಿಡ್ತೀನಿ."

ಇವತ್ತೇ ಶುಕ್ರವಾರ. ಇನ್ನೆರಡು ದಿನದಲ್ಲಿ ತೂತು ದೊಡ್ಡದಾದರೆ ತಾನೇ ಹೋಗಿ ಆ ಮಹಡಿ ನೋಡಬಹುದು. ಹುರುಪಿನಿಂದ ಚಮಚವನ್ನು ಜೋರಾಗಿ ತಿವಿದ.

ಟಣ್!

ಕಲ್ಲಿರಬೇಕು ಎಂದುಕೊಂಡು ಪುಡಿ ಊದಿದ. ಬೆರಳು ತೂರಿಸಿ ಕೆರೆದ, ಕಣ್ಣಿಟ್ಟು ನೋಡಿದ. ಹೆಬ್ಬೆರಳು ದಪ್ಪದ ಕಬ್ಬಿಣದ ಸರಳು. ಹಸಿರು ಲೇಪ ಒಂದಿಷ್ಟೂ ಮಾಸಿರಲಿಲ್ಲ. ಪಕ್ಕದಲ್ಲೇ ಇನ್ನೊಂದಿತ್ತು. ಮೇಸ್ತ್ರಿ ಒಂದನ್ನೂ ಕಡಿಮೆ ಮಾಡಿರಲಿಲ್ಲ.

ಬಿದಿರೆಲ್ಲ ಮೊಮ್ಮಕ್ಕಳು ಆಡುವ ಮನೆಯ ಗೋಡೆಗಳಲ್ಲಿತ್ತು.